ಆಕಾಶಕ್ಕೆ ಯಾವ ಬೂದು?

ಹಂಪಿಯ ವಿಠ್ಠಲ ಗುಡಿಯ ಕಲ್ಲಿನ ರಥ ಎಲ್ಲರಿಗೂ ಗೊತ್ತು. ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲೇ ಇದೆ. ಆದರೆ ಮದ್ರಾಸ್ ಸೇನೆಯ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ತೆಗೆದ ಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಇನ್ನೂ ನಿಂತಿದೆ. ಆಮೇಲೆ ಅದು ಹೋಯಿತು. ಚರಿತ್ರೆ ಓದಿದವರು ಈ ಚಿತ್ರವನ್ನು ಆ ಶಿಖರಕ್ಕಾಗಿ ನೋಡುತ್ತಾರೆ. ನಾನು ನೋಡುವುದು ಅದರ ಹಿಂದಿನ ಆಕಾಶವನ್ನು. ಅಲ್ಲಿ ಏನೂ ಇಲ್ಲ. ಮೋಡವಿಲ್ಲ, ಹಕ್ಕಿಯಿಲ್ಲ, ಬೂದಿನ ಒಂದು ಛಾಯೆಯೂ ಇಲ್ಲ.

ಕಾರಣ ರಸಾಯನದಲ್ಲಿದೆ. ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್, ಅಂದರೆ ಬಿಳಿ ಕಪ್ಪಾಗಿಯೂ ಕಪ್ಪು ಬಿಳಿಯಾಗಿಯೂ ಮೂಡುವ ಮೂಲಪ್ರತಿ; ಒಂದೊಂದೂ ಸುಮಾರು 16–18 ಇಂಚಿನ ದೊಡ್ಡ ಹಾಳೆ. ಆ ಕಾಲದ ಬೆಳ್ಳಿಯ ಲವಣಗಳು ನೀಲಿಗೆ ಮಾತ್ರ ಚುರುಕು. ಹಸಿರು ಅವಕ್ಕೆ ಮಬ್ಬು, ಕೆಂಪು ಬಹುತೇಕ ಕತ್ತಲೆ. ಗುಡಿಯ ನೆರಳುಗಳಲ್ಲಿ ಕೆತ್ತನೆ ಕಾಣಲಿ ಎಂದು ನಿಮಿಷಗಟ್ಟಲೆ ಲೆನ್ಸ್ ತೆರೆದಿಟ್ಟರೆ, ಅಷ್ಟು ಹೊತ್ತಿಗೆ ನೀಲಿ ಆಕಾಶ ನೆಗೆಟಿವ್ ಮೇಲೆ ದಟ್ಟ ಕಪ್ಪಾಗಿ ಕೂತುಬಿಡುತ್ತಿತ್ತು. ಪ್ರಿಂಟಿನಲ್ಲಿ ಅದು ಬರಿ ಕಾಗದ.

ಹಾಗಂತ ಆ ಖಾಲಿ ಜಾಗ ಚಿತ್ರವನ್ನು ಕೆಡಿಸಿಲ್ಲ. ರಥದ ಅಂಚು, ಮಂಟಪದ ಸೂರಿನ ಬಾಗು, ಮುರಿದ ಗೋಪುರದ ಹಲ್ಲುಹಲ್ಲಾದ ತುದಿ, ಎಲ್ಲವೂ ಕತ್ತರಿಸಿ ಇಟ್ಟಷ್ಟು ಸ್ಪಷ್ಟ. ಕಣ್ಣು ಮೇಲಕ್ಕೆ ಹೋಗುತ್ತದೆ, ಅಲ್ಲಿ ಹಿಡಿದು ನಿಲ್ಲಿಸುವಂಥದ್ದು ಏನೂ ಸಿಗದೆ ಮತ್ತೆ ಕಲ್ಲಿಗೇ ಬರುತ್ತದೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಯಾವುದು ಬಿತ್ತು, ಯಾವುದು ಉಳಿಯಿತು ಎಂದು ಹುಡುಕುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಖಾಲಿ ಆಕಾಶ ಆ ಕಾಲದವರಿಗೇ ಹಿಡಿಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1854ರ ಕೊನೆಗೆ ಹಳೇಬೀಡು, ಬೇಲೂರುಗಳಲ್ಲಿ ಚಿತ್ರ ತೆಗೆದ ಲಿನೇಯಸ್ ಟ್ರೈಪ್ ಮುಂದಿನ ವರ್ಷ ಬರ್ಮಾಕ್ಕೆ ಹೋದಾಗ ತನ್ನ ನೆಗೆಟಿವ್‌ಗಳ ಮೇಲೆ ಬಣ್ಣ ತೀಡಿ ಮೋಡಗಳನ್ನು ಬರೆದ. ಫ್ರಾನ್ಸಿನಲ್ಲಿ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ಬೇರೆ ಬೇರೆ ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಬೆಸೆದ. ಅಂದರೆ ಕಪ್ಪು-ಬಿಳುಪು ನಿಸರ್ಗಚಿತ್ರದಲ್ಲಿ ಆಕಾಶ ಮೊದಲಿನಿಂದಲೂ ತಾನಾಗಿ ಬಂದದ್ದಲ್ಲ. ಯಾರೋ ತೀರ್ಮಾನಿಸಿದ್ದು. ಖಾಲಿ ಬಿಟ್ಟರೂ ತೀರ್ಮಾನವೇ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ. ಬಣ್ಣದ ಚಿತ್ರದಲ್ಲಿ ಆಕಾಶ ನೀಲಿ ಎಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಬಣ್ಣ ತೆಗೆದ ಕೂಡಲೇ ಆ ನೀಲಿ ಯಾವ ಬೂದಾದರೂ ಆಗಬಹುದು: ಕಾಗದದ ಬಿಳುಪಿನಿಂದ ಹಿಡಿದು ಕಾಡಿಗೆಯ ಕಪ್ಪಿನವರೆಗೆ. ಹೆಚ್ಚಿನ ನಿಸರ್ಗಚಿತ್ರಗಳಲ್ಲಿ ಮೂರನೇ ಒಂದು ಭಾಗವೋ ಅರ್ಧವೋ ಆಕಾಶವೇ ಇರುತ್ತದೆ. ಅಷ್ಟು ದೊಡ್ಡ ಜಾಗಕ್ಕೆ ಯಾವ ಬೂದು ಕೊಟ್ಟಿದ್ದಾರೆ, ಆ ಬೂದಿಗೂ ಕೆಳಗಿನ ನೆಲಕ್ಕೂ ಏನು ಸಂಬಂಧ ಎಂದು ಕೇಳದೆ ಒಂದು ಚಿತ್ರವನ್ನು ವಿಮರ್ಶೆ ಮಾಡಲು ಸಾಧ್ಯವಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಆ ತೀರ್ಮಾನವನ್ನು ಪೂರ್ತಿ ಅರಿತು ಮಾಡಿದ ಚಿತ್ರ ಯಾವುದು ಎಂದರೆ ಎಲ್ಲರೂ ಮೊದಲು ಹೇಳುವುದು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ತೆಗೆದ ಚಿತ್ರವನ್ನು. 1927ರ ಏಪ್ರಿಲ್ 10. ಆತನಿಗೆ ಆಗ 25 ವರ್ಷ. ಗಾಜಿನ ಪ್ಲೇಟುಗಳನ್ನು ಹೊತ್ತುಕೊಂಡು ಹಿಮದಲ್ಲಿ ಹತ್ತಿ ಹೋಗಿದ್ದ. ಬಂಡೆಯ ಎದುರು ನಿಲ್ಲುವ ಹೊತ್ತಿಗೆ ಉಳಿದದ್ದು ಎರಡೇ. ಒಂದನ್ನು ವಾಡಿಕೆಯಂತೆ ಹಳದಿ ಫಿಲ್ಟರ್ ಹಾಕಿ ತೆಗೆದ. ತೆಗೆದ ಮೇಲೆ, ಹಳದಿಯಿಂದ ಆಕಾಶ ಸಾಧಾರಣ ಬೂದಾಗುತ್ತದೆ, ಬಂಡೆ ತನಗೆ ಅನ್ನಿಸಿದಷ್ಟು ಭೀಮವಾಗಿ ಕಾಣುವುದಿಲ್ಲ ಎಂದು ಹೊಳೆಯಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದ. ಪ್ರಿಂಟಿನಲ್ಲಿ ಆಕಾಶ ಬಹುತೇಕ ಕಪ್ಪಾಯಿತು, ಬಂಡೆಯ ಮುಖ ಅದರಿಂದ ಹೊರಕ್ಕೆ ಎದ್ದು ಬಂತು. ಕ್ಯಾಮೆರಾ ಕ್ಲಿಕ್ಕಿಸುವ ಮುಂಚೆಯೇ ಮುಗಿದ ಪ್ರಿಂಟನ್ನು ಮನಸ್ಸಿನಲ್ಲಿ ಕಾಣುವುದು ಎಂಬ ಆತನ ಜೀವಮಾನದ ಪಾಠ ಶುರುವಾದದ್ದು ಅಲ್ಲಿಂದ.

ಈ ಕತೆ ಫೋಟೋಗ್ರಫಿ ಕಲಿಯುವವರೆಲ್ಲರ ಕಿವಿಗೂ ಬೀಳುತ್ತದೆ. ಕೇಳಿದವರು ‘ಕೆಂಪು ಫಿಲ್ಟರ್ ಹಾಕಿದರೆ ಆಕಾಶ ಕಪ್ಪಾಗುತ್ತದೆ, ಚಿತ್ರ ಗಂಭೀರವಾಗುತ್ತದೆ’ ಎಂದಷ್ಟೇ ಹಿಡಿದುಕೊಂಡು ಹೋಗುತ್ತಾರೆ. ಕೆಂಪು ಫಿಲ್ಟರ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬಿಸಿಲಿನ ದಿನ ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ. ಆ ನೀಲಿಯನ್ನು ತಡೆದರೆ ಆಕಾಶದ ಜೊತೆಗೆ ನೆರಳೂ ಕಪ್ಪಾಗುತ್ತದೆ. ಹಾಫ್ ಡೋಮಿನ ಮುಖ ನುಣುಪು, ಕೆಳಗೆ ಹಿಮ. ಅಲ್ಲಿ ಆ ಕಪ್ಪು ಒಪ್ಪಿತು. ಹಂಪಿಯ ಬಂಡೆಗಳಲ್ಲಿ ಹಾಗಲ್ಲ. ಒಂದರ ಮೇಲೊಂದು ಕೂತ ಗುಂಡುಗಳ ನಡುವಿನ ಸಂದುಗಳಲ್ಲೇ ಅಲ್ಲಿನ ಜೀವವಿದೆ. ಯಾವ ಬಂಡೆ ಯಾವುದಕ್ಕೆ ಒರಗಿದೆ, ಎಲ್ಲಿ ಭಾರ ಇಳಿದಿದೆ ಎಂದು ತಿಳಿಯುವುದು ಆ ನೆರಳುಗಳೊಳಗೆ ನೋಡಿದರೆ ಮಾತ್ರ. ಅವನ್ನು ಕಪ್ಪು ತೂತುಗಳಾಗಿ ಮಾಡಿದರೆ ಬಂಡೆಗಳಿಗೆ ತೂಕವೇ ಇರುವುದಿಲ್ಲ. ಅದಕ್ಕೇ ಹಂಪಿಯಲ್ಲಿ ನಾನು ಹಳದಿ ದಾಟಿ ಕಿತ್ತಳೆಗೆ ಹೋಗುವುದೇ ಅಪರೂಪ.

ಈಗ ಬಣ್ಣದ ಫಿಲ್ಟರಿನ ಗಾಜು ಹೆಚ್ಚಿನವರ ಬ್ಯಾಗಿನಲ್ಲಿ ಇರುವುದಿಲ್ಲ. ಕಂಪ್ಯೂಟರಿನಲ್ಲಿ ನೀಲಿಯನ್ನು ಹೆಚ್ಚು-ಕಡಿಮೆ ಮಾಡುವ ಸ್ಲೈಡರ್ ಎಡಕ್ಕೆ ಎಳೆದರೆ ಅದೇ ಕೆಲಸ ಆಗುತ್ತದೆ. ಎಳೆಯುವುದು ಸುಲಭ ಆದದ್ದರಿಂದಲೇ ಒಂದು ಮಾತು ನೆನಪಿರಬೇಕು. ಸಾಫ್ಟ್‌ವೇರ್‌ಗಳು ಬಣ್ಣವನ್ನು ಬೂದಿಗೆ ತಿರುಗಿಸುವಾಗ ಸಾಮಾನ್ಯವಾಗಿ ಹಸಿರಿಗೆ ಹೆಚ್ಚು ತೂಕ ಕೊಡುತ್ತವೆ, ಕೆಂಪಿಗೆ ಅದರ ಅರ್ಧದಷ್ಟು, ನೀಲಿಗೆ ಅತಿ ಕಡಿಮೆ. ಹಳೆಯ ಟೀವಿ ಕಾಲದ ಲೆಕ್ಕದಲ್ಲಿ ಶೇಕಡಾ 59, 30, 11. ಮೇ ತಿಂಗಳ ಗುಲ್‌ಮೊಹರ್ ಮರವನ್ನು ಹಾಗೇ ತಿರುಗಿಸಿ ನೋಡಿ. ಕಣ್ಣಿಗೆ ರಾಚುತ್ತಿದ್ದ ಹೂವೂ ಎಲೆಯೂ ಒಂದೇ ಬೂದಿನಲ್ಲಿ ಕರಗಿ ಹೋಗಿರುತ್ತವೆ. ಬಣ್ಣ ಬೇರೆ ಬೇರೆ ಇದ್ದ ಮಾತ್ರಕ್ಕೆ ಬೂದು ಬೇರೆಯಾಗುವುದಿಲ್ಲ. ಯಾವುದು ಯಾವುದರಿಂದ ಬೇರೆ ಕಾಣಬೇಕು ಎಂದು ನಾವೇ ಹೇಳಬೇಕಾಗುತ್ತದೆ.

ಆಡಮ್ಸ್‌ನ ಇನ್ನೊಂದು ಚಿತ್ರದ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ವಿಮರ್ಶೆ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯಲ್ಲಿ ತೆಗೆದ ಚಂದ್ರೋದಯ. ರಸ್ತೆಯಲ್ಲಿ ಹೋಗುತ್ತಿದ್ದವನಿಗೆ ನೋಟ ಕಂಡಿತು, ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾ ಹೂಡಿದ, ಬೆಳಕಿನ ಮೀಟರ್ ಮಾತ್ರ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಇಷ್ಟೇ ಇರುತ್ತದೆ ಎಂಬ ಲೆಕ್ಕ ಆತನಿಗೆ ಬಾಯಿಗೆ ಬರುತ್ತಿತ್ತು. ಅದರ ಮೇಲೆ ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಒಳಗೆ ಬಿಡಬೇಕು ಎಂಬ ಅಳತೆ, ಕಟ್ಟಿ ಒಂದು ಚಿತ್ರ ತೆಗೆದ. ಇನ್ನೊಂದು ತೆಗೆಯುವಷ್ಟರಲ್ಲಿ ಸಮಾಧಿಗಳ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು.

ಚೌಕಟ್ಟನ್ನು ನೋಡಿ. ತಳದಲ್ಲಿ ಪೊದೆ, ಅದರಾಚೆ ಮಣ್ಣಿನ ಮನೆಗಳು, ಒಂದು ಚರ್ಚು, ಕೊನೆಯ ಬಿಸಿಲು ತಾಗಿ ಹೊಳೆಯುವ ಪುಟ್ಟ ಬಿಳಿ ಶಿಲುಬೆಗಳು. ನಡುವೆ ಬೆಟ್ಟದ ಸಾಲು, ಅದರ ಮೇಲೆ ಅಡ್ಡಕ್ಕೆ ಹರಡಿದ ಬಿಳಿ ಮೋಡದ ಪಟ್ಟಿ. ಅದರ ಮೇಲೆ ಚಿತ್ರದ ಅರ್ಧಕ್ಕಿಂತ ಹೆಚ್ಚು ಬರಿ ಆಕಾಶ, ಅದರಲ್ಲಿ ಸಣ್ಣ ಚಂದ್ರ. ಪಾಠ ಇರುವುದು ಮುಂದೆ. ಈ ಒಂದೇ ನೆಗೆಟಿವ್‌ನಿಂದ ಆಡಮ್ಸ್ ದಶಕಗಟ್ಟಲೆ ಪ್ರಿಂಟ್ ತೆಗೆಯುತ್ತಲೇ ಹೋದ. ಮೊದಮೊದಲಿನ ಪ್ರಿಂಟುಗಳಲ್ಲಿ ಆ ಮೇಲಿನ ಆಕಾಶ ನಡು ಬೂದು, ಅದರಲ್ಲಿ ತೆಳು ಮೋಡದ ಎಳೆಗಳು ಕಾಣುತ್ತವೆ. ವರ್ಷ ಕಳೆದಂತೆ ಆಕಾಶವನ್ನು ಕಪ್ಪಾಗಿಸುತ್ತ ಹೋದ. 1970ರ ದಶಕದ ಪ್ರಿಂಟುಗಳಲ್ಲಿ ಅದು ಕಡುಗಪ್ಪು, ಎಳೆಗಳೆಲ್ಲ ಮಾಯ. ಸಂಗ್ರಾಹಕರು ಮುಗಿಬಿದ್ದು ಕೊಂಡದ್ದು ಇವನ್ನು.

ಕಡುಗಪ್ಪು ಪ್ರಿಂಟಿನ ಶಕ್ತಿ ನನಗೂ ಕಾಣುತ್ತದೆ. ಆದರೂ ನನ್ನ ಒಲವು ಹಳೆಯದರ ಕಡೆಗೆ. ಬೂದು ಆಕಾಶ ಇರುವಾಗ ಆ ಚಿತ್ರದಲ್ಲಿ ಹೊತ್ತು ಮುಳುಗುತ್ತಿದೆ, ಹಗಲಿನ ಸ್ವಲ್ಪ ಬೆಳಕು ಮೇಲೆ ಇನ್ನೂ ಉಳಿದಿದೆ. ಶಿಲುಬೆಗಳ ಮೇಲಿನ ಬಿಸಿಲು ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ. ಕಪ್ಪಾದಾಗ ಅದು ಯಾವ ಹೊತ್ತೂ ಅಲ್ಲದ ಹೊತ್ತಾಗುತ್ತದೆ. ನೆಲದ ಮೇಲೆ ಸಂಜೆ, ಮೇಲೆ ನಡುರಾತ್ರಿ. ಆಡಮ್ಸ್‌ಗೆ ವಯಸ್ಸಾದ ಮೇಲೆ ಬೇಕಾದದ್ದು ಅದೇ ಇರಬಹುದು, ಅದು ಆತನ ಹಕ್ಕು. ಇಲ್ಲಿ ಮುಖ್ಯವಾದದ್ದು, ಒಂದೇ ನೆಗೆಟಿವ್, ಒಂದೇ ಚೌಕಟ್ಟು, ಒಂದೇ ಸಂಯೋಜನೆ ಇಟ್ಟುಕೊಂಡು ಬರಿ ಆಕಾಶದ ಬೂದು ಬದಲಾದರೆ ಚಿತ್ರದ ಅರ್ಥವೇ ಬದಲಾಗುತ್ತದೆ ಎಂಬುದು. ಸಂಯೋಜನೆ ಎಂದರೆ ಗೆರೆಗಳನ್ನೂ ಆಕಾರಗಳನ್ನೂ ಎಲ್ಲೆಲ್ಲಿ ಇಡಬೇಕು ಎಂಬುದಷ್ಟೇ ಎಂದುಕೊಂಡವರು ಈ ಎರಡು ಪ್ರಿಂಟುಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ನಮ್ಮ ಕಡೆಯ ಆಕಾಶಕ್ಕೆ ಬರೋಣ. ಕರ್ನಾಟಕದಲ್ಲಿ ಕಪ್ಪು-ಬಿಳುಪು ತೆಗೆಯುವವನಿಗೆ ಎರಡು ಬೇರೆ ಬೇರೆ ಆಕಾಶಗಳಿವೆ. ಬಯಲುಸೀಮೆಯದ್ದು ಗಟ್ಟಿ. ಮಳೆ ನಿಂತ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ, ಬಳ್ಳಾರಿ, ಚಿತ್ರದುರ್ಗದ ಕಡೆ ಆಕಾಶ ತೊಳೆದಿಟ್ಟಂತೆ ನೀಲಿ. ಫಿಲ್ಟರಿಗೂ ಸ್ಲೈಡರಿಗೂ ಚೆನ್ನಾಗಿ ಬಗ್ಗುತ್ತದೆ. ಅಲ್ಲೂ ಎಲ್ಲ ದಿಕ್ಕಿನಲ್ಲಿ ಒಂದೇ ಸಮ ಬಗ್ಗುವುದಿಲ್ಲ. ಸೂರ್ಯನಿಗೆ ಅಡ್ಡ ದಿಕ್ಕಿನಲ್ಲಿ ನೀಲಿ ಗಾಢ, ಸೂರ್ಯನ ಸುತ್ತ ಬಿಳಿಚು. ನೆತ್ತಿಯ ಮೇಲೆ ಗಾಢ, ದಿಗಂತದ ಬಳಿ ಧೂಳು ಬೆರೆತು ತೆಳು. ಇದು ಕಣ್ಣಿಗೆ ಹುಟ್ಟಿದಾಗಿನಿಂದ ಅಭ್ಯಾಸವಾದ ಸಂಗತಿ. ಅದಕ್ಕೇ ಸೂರ್ಯನ ಎದುರಿಗೇ ತೆಗೆದ ಚಿತ್ರದಲ್ಲಿ ಆಕಾಶ ಕಪ್ಪಾಗಿದ್ದರೆ, ಫೋಟೋಗ್ರಫಿಯ ಗಂಧಗಾಳಿ ಇಲ್ಲದವರಿಗೂ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನೆಂದು ಹೇಳಲು ಬಾರದಿರಬಹುದು. ಅನ್ನಿಸುವುದಂತೂ ನಿಜ.

ಮಲೆನಾಡಿನದ್ದು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆಯಲ್ಲೋ ಕುದುರೆಮುಖದಲ್ಲೋ ನಿಂತರೆ ಮೇಲೆ ಒಂದೇ ಬಿಳಿ ಹೊದಿಕೆ. ಯಾವ ಬಣ್ಣದ ಫಿಲ್ಟರೂ ಅಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ತಡೆಯಲು ನೀಲಿಯೇ ಇಲ್ಲ. ಇಲ್ಲಿ ಹೆಚ್ಚಿನವರು ಬೇಸರಪಟ್ಟು ಕ್ಯಾಮೆರಾ ಒಳಗಿಡುತ್ತಾರೆ. ನನಗೆ ಅತ್ಯಂತ ಇಷ್ಟದ ಕಾಲ ಇದು. ಆಕಾಶ ಬಿಳಿಯ ಹಾಳೆಯಾಗಿ ನಿಂತಾಗ ಬೆಟ್ಟಗಳು ಒಂದರ ಹಿಂದೊಂದು ತೆಳುವಾಗುತ್ತ ಹೋಗುತ್ತವೆ: ಹತ್ತಿರದ್ದು ಗಾಢ, ಅದರಾಚೆಯದ್ದು ಒಂದು ಮೆಟ್ಟಿಲು ತಿಳಿ, ಕೊನೆಯದ್ದು ಇದೆಯೋ ಇಲ್ಲವೋ ಎಂಬಷ್ಟು. ದೂರ ಎಂಬುದನ್ನು ಬರಿ ಬೂದಿನಿಂದ ಹೇಳಲು ಇದಕ್ಕಿಂತ ಒಳ್ಳೆಯ ದಿನ ಸಿಗದು. ಇಂಥ ಕಡೆ ಚಿತ್ರ ನಿಲ್ಲುವುದು ಆ ಮೆಟ್ಟಿಲುಗಳ ಅಂತರದ ಮೇಲೆ. ಮನೆಗೆ ಬಂದು ಕಾಂಟ್ರಾಸ್ಟ್ ಏರಿಸಿದರೆ ಮೊದಲ ಬೆಟ್ಟ ಕಪ್ಪು, ಉಳಿದವೆಲ್ಲ ಬಿಳಿ. ನಾಲ್ಕಾರು ಮೆಟ್ಟಿಲು ಎರಡಕ್ಕೆ ಇಳಿದವು, ದೂರ ಸತ್ತಿತು.

ಕುದುರೆಮುಖ, ಬಾಬಾಬುಡನ್‌ಗಿರಿಯ ಬೆಟ್ಟಗಳಿಗೆ ಇನ್ನೊಂದು ವಿಶೇಷವಿದೆ. ಬೆಟ್ಟದ ಬೆನ್ನೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ಮಳೆಗಾಲದಲ್ಲಿ ಎರಡೂ ಹಸಿರೇ. ಬಣ್ಣದ ಚಿತ್ರದಲ್ಲಿ ಎಲ್ಲ ಒಂದೇ ಹಸಿರು ಹಾಸಾಗಿ ಬರುತ್ತದೆ. ಆದರೆ ಹುಲ್ಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಶೋಲಾ ನುಂಗುತ್ತದೆ. ಬಣ್ಣ ತೆಗೆದರೆ ಬೆಟ್ಟದ ಮೈಕಟ್ಟು ಎದ್ದು ಬರುತ್ತದೆ: ನೀರು ಇಳಿಯುವ ಜಾಡುಗಳಲ್ಲೆಲ್ಲ ಕಪ್ಪು, ಏಣುಗಳ ಮೇಲೆ ತಿಳಿ ಬೂದು. ಜನವರಿಗೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದಾಗ ಈ ವ್ಯತ್ಯಾಸ ಇನ್ನೂ ಹೆಚ್ಚು. ಅಲ್ಲಿ ನಿಂತು ಚೌಕಟ್ಟು ಕಟ್ಟುವಾಗ ನಾನು ಆಕಾಶವನ್ನು ಪೂರ್ತಿ ಬಿಟ್ಟುಬಿಡುವುದೂ ಉಂಟು. ನಿಸರ್ಗಚಿತ್ರದಲ್ಲಿ ದಿಗಂತ ಇರಲೇಬೇಕು ಎಂದು ಯಾರೂ ಬರೆದಿಟ್ಟಿಲ್ಲ. ಉದ್ದ ಲೆನ್ಸಿನಲ್ಲಿ ಒಂದು ಮಡಿಕೆಯನ್ನಷ್ಟೇ ಹಿಡಿದರೆ ಕಪ್ಪು ಕಾಡು ಬಿಳಿ ಹುಲ್ಲಿನೊಳಗೆ ಬೇರು ಬಿಟ್ಟಂತೆ ಕಾಣುತ್ತದೆ.

ಈ ಮಾತಿನ ಜೊತೆಗೇ ಇನ್ನೊಂದು. ಈಚೆಗೆ ನಮ್ಮ ಕೆರೆ, ಹಿನ್ನೀರುಗಳ ಕಪ್ಪು-ಬಿಳುಪು ಚಿತ್ರಗಳು ಒಂದೇ ಅಚ್ಚಿನಲ್ಲಿ ಬರುತ್ತಿವೆ. ಗಾಢ ಗಾಜು ಹಾಕಿ ನಿಮಿಷಗಟ್ಟಲೆ ತೆರೆದಿಟ್ಟ ಎಕ್ಸ್‌ಪೋಷರ್, ಹಾಲಿನಂಥ ನೀರು, ನಡುವೆ ಒಂದು ಒಣಮರ, ಸುತ್ತ ಶೂನ್ಯ. ಇಂಗ್ಲೆಂಡಿನಲ್ಲಿ ಹುಟ್ಟಿದ ಛಾಯಾಗ್ರಾಹಕ ಮೈಕೆಲ್ ಕೆನ್ನಾ ಜಪಾನಿನ ಹೊಕ್ಕೈಡೊದ ಹಿಮದಲ್ಲಿ ಕಂಡುಕೊಂಡ ಮೌನ ಅದು, ಅಲ್ಲಿಗೆ ಅದು ಸತ್ಯ. ತುಂಗಭದ್ರೆಯ ಹಿನ್ನೀರಿನಲ್ಲಿ ಮೀನುಗಾರರ ಹರಿಗೋಲು ಇರುತ್ತದೆ, ದಡದಲ್ಲಿ ಎಮ್ಮೆ, ಕೆಸರಿನಲ್ಲಿ ಗೊರಸಿನ ಗುರುತು, ಜಾಲಿ ಮುಳ್ಳು ಇರುತ್ತದೆ. ಅವನ್ನೆಲ್ಲ ತೊಳೆದು ಹಾಕಿದರೆ ಉಳಿಯುವುದು ಎಲ್ಲಿಯದೂ ಅಲ್ಲದ ನೀರು. ಆ ಚಿತ್ರಗಳು ಚೆಂದವಿಲ್ಲ ಎಂದು ನಾನು ಹೇಳುತ್ತಿಲ್ಲ. ಈ ಊರಿನವು ಅನ್ನಿಸುವುದಿಲ್ಲ, ಅಷ್ಟೇ.

ಹೊಸಪೇಟೆಯ ಕಡೆಯ ಹುಡುಗನೊಬ್ಬ ತನ್ನ ಚಿತ್ರವನ್ನು ನನ್ನ ಮುಂದಿಟ್ಟ ಪ್ರಸಂಗ ಇಲ್ಲಿ ಬರಬೇಕು. ಮಾತಂಗ ಬೆಟ್ಟದ ನೆತ್ತಿಯಿಂದ, ಚಳಿಗಾಲದ ಬೆಳಿಗ್ಗೆ, ಕೆಳಗೆ ಅಚ್ಯುತರಾಯ ಗುಡಿ. ಹತ್ತಿರದಲ್ಲಿ ಎರಡು ದೊಡ್ಡ ಬಂಡೆ, ನಡುವೆ ಗುಡಿಯ ಪ್ರಾಕಾರ, ಅದರ ಮುಂದೆ ಹಳೆಯ ಬಜಾರಿನ ಕಂಬಸಾಲು, ಆಚೆ ಮತ್ತೆ ಬಂಡೆಗುಡ್ಡಗಳು. ಮೇಲೆ ಮೂರನೇ ಒಂದು ಭಾಗ ಗುಡುಗಿನ ಕರಿಮೋಡ. ಒಂದು ಸ್ಪರ್ಧೆಯಲ್ಲಿ ಆಯ್ಕೆಯಾಗಲಿಲ್ಲವಂತೆ, ಏನು ಕೊರತೆ ಹೇಳಿ ಎಂದು ಬಂದಿದ್ದ. ಅವನ ಗೆಳೆಯರು ಆಗಲೇ ಹೇಳಬೇಕಾದ್ದನ್ನೆಲ್ಲ ಹೇಳಿದ್ದರು: ಗುಡಿಯನ್ನು ಚೌಕಟ್ಟನ್ನು ಮೂರು ಭಾಗ ಮಾಡುವ ಗೆರೆಯ ಮೇಲೆ ಇಡಬೇಕಿತ್ತು, ಮುನ್ನೆಲೆ ಇನ್ನಷ್ಟು ಚುರುಕಾಗಿರಬೇಕಿತ್ತು, ಒಬ್ಬ ಮನುಷ್ಯ ಇದ್ದಿದ್ದರೆ ಅಳತೆ ತಿಳಿಯುತ್ತಿತ್ತು.

ನಾನು ಮೊದಲು ಮಾಡಿದ್ದು ಅಂಗೈಯಿಂದ ಆಕಾಶವನ್ನು ಮುಚ್ಚಿದ್ದು. ಮುಚ್ಚಿದಾಗ ಕೆಳಗಿನ ಚಿತ್ರ ಉಸಿರಾಡಿತು. ಬೆಳಕು ಬಲದಿಂದ ಬಂದು ಪ್ರತಿ ಬಂಡೆಯ ಬಲ ಕೆನ್ನೆಯನ್ನು ತಟ್ಟಿದೆ, ಎಡಕ್ಕೆ ಉದ್ದ ನೆರಳು ಬಿದ್ದಿದೆ. ಕಂಬಸಾಲಿನ ನೆರಳುಗಳು ಒಂದರ ಪಕ್ಕ ಒಂದು ಸಾಲಾಗಿ ಮಲಗಿವೆ. ಕೈ ತೆಗೆದೆ. ಮೋಡಗಳ ಬೆಳಗಿದ ಅಂಚು ಎಡಕ್ಕಿತ್ತು. ಆ ಆಕಾಶಕ್ಕೆ ಬೇರೆ ಸೂರ್ಯ.

“ಇದು ಇಲ್ಲಿಯ ಮೋಡ ಅಲ್ಲವಲ್ಲ?” ಎಂದೆ.

“ಅಲ್ಲ ಸರ್. ಅವತ್ತು ಆಕಾಶ ಬರೇ ಮಬ್ಬು ಇತ್ತು. ಏನೂ ಇರಲಿಲ್ಲ. ಅದಕ್ಕ ಬ್ಯಾರೆ ಹಾಕಿದೆ.”

ಗುಡ್ಡಗಳ ಅಂಚನ್ನು ದೊಡ್ಡದು ಮಾಡಿ ತೋರಿಸಿದೆ. ಬಂಡೆ ಮುಗಿದು ಆಕಾಶ ಶುರುವಾಗುವ ಕಡೆ, ಕೂದಲೆಳೆಯಷ್ಟು ದಪ್ಪದ ಒಂದು ಬಿಳಿ ಗೆರೆ ಗುಡ್ಡದುದ್ದಕ್ಕೂ ಓಡಿತ್ತು. ಕತ್ತರಿಸಿ ಅಂಟಿಸಿದ ಕಡೆಯಲ್ಲೂ, ನೀಲಿಯನ್ನು ಅತಿಯಾಗಿ ಎಳೆದ ಕಡೆಯಲ್ಲೂ ಬರುವ ಗೆರೆ ಇದು. ದೂರದಿಂದ ಯಾರಿಗೂ ಕಾಣದು. ಆದರೆ ಕಣ್ಣು ಆ ಅಂಚಿನಲ್ಲಿ ಎಡವುತ್ತಲೇ ಇರುತ್ತದೆ, ಗುಡ್ಡ ಆಕಾಶದೊಳಗೆ ನಿಂತಂತೆ ಅನ್ನಿಸದೆ ಅದರ ಮುಂದೆ ರಟ್ಟಿನ ತುಂಡು ನಿಲ್ಲಿಸಿದಂತೆ ಅನ್ನಿಸುತ್ತದೆ.

ಅವನ ಮೂಲ ಫೈಲ್ ತೆರೆಸಿದೆ. ಅವನು ‘ಏನೂ ಇರಲಿಲ್ಲ’ ಎಂದ ಆಕಾಶ ಅದೆಷ್ಟು ಚೆಂದ ಇತ್ತು! ತೆಳು ಮಂಜು, ಬಲಕ್ಕೆ ತುಸು ಬೆಳ್ಳಗೆ, ಎಡಕ್ಕೆ ಹೋಗುತ್ತ ಹೋಗುತ್ತ ಬೂದು. ಕೆಳಗಿನ ಬಂಡೆಗಳನ್ನು ಬೆಳಗಿಸಿದ ಬೆಳಕೇ ಅದರಲ್ಲಿ ಹರಡಿತ್ತು. ಸಮಸ್ಯೆ ಇದ್ದದ್ದು ಒಂದೇ: ಆ ಆಕಾಶ ಬಿಸಿಲು ತಾಗಿದ ಬಂಡೆಗಿಂತ ಹೆಚ್ಚು ಬೆಳ್ಳಗಿತ್ತು, ಆದ್ದರಿಂದ ಬಂಡೆಯ ಬಿಸಿಲು ಬಿಸಿಲೆಂದು ಅನ್ನಿಸುತ್ತಿರಲಿಲ್ಲ. ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ಕಟ್ಟಿದ ವಲಯ ಪದ್ಧತಿ ಇಂಥ ಕಡೆ ಮಾತಾಡಲು ಬಹಳ ಅನುಕೂಲ. ಕಡುಗಪ್ಪು ಸೊನ್ನೆ, ಕಾಗದದ ಬಿಳುಪು ಹತ್ತು, ನಡು ಬೂದು ಐದು. “ಬಂಡೆಯ ಬಿಸಿಲನ್ನು ಏಳಕ್ಕೆ ಇಡು, ಆಕಾಶವನ್ನು ಆರಕ್ಕೆ ಇಳಿಸು, ಎಡಮೂಲೆಗೆ ಬರುವಷ್ಟರಲ್ಲಿ ಐದೂವರೆ. ಸಾಕು. ಆಮೇಲೆ ಆಕಾಶವನ್ನು ಮೂರನೇ ಒಂದರಿಂದ ಐದನೇ ಒಂದಕ್ಕೆ ಕತ್ತರಿಸು. ಅದಕ್ಕೆ ಹೇಳಲಿಕ್ಕೆ ಇರುವುದು ಅಷ್ಟೇ, ಅಷ್ಟು ಜಾಗ ಸಾಕು” ಎಂದೆ.

ಅವನು ಯಾಕೆ ಕರಿಮೋಡ ಹಾಕಿದ ಎಂಬುದೂ ನನಗೆ ಅರ್ಥವಾಗುತ್ತದೆ. ಸಲಾನ್ ಎಂದು ಕರೆಯುವ ಫೋಟೋ ಸ್ಪರ್ಧೆಗಳಲ್ಲಿ ತೀರ್ಪುಗಾರರ ಮುಂದೆ ಒಂದು ಚಿತ್ರ ಕೆಲವೇ ಸೆಕೆಂಡು ಇರುತ್ತದೆ, ನೂರಾರು ಚಿತ್ರಗಳ ಸಾಲಿನಲ್ಲಿ. ಅಷ್ಟರಲ್ಲಿ ಕಣ್ಣು ಹಿಡಿಯುವುದು ಗುಡುಗು, ಕಿರಣ, ಕಪ್ಪು. ಆರನೇ ವಲಯದ ಮಂಜಿನ ಆಕಾಶ ಅಷ್ಟು ಬೇಗ ಮಾತಾಡುವುದಿಲ್ಲ. ಸ್ಪರ್ಧೆಗಳು ಬೇಡ ಎನ್ನುವವನಲ್ಲ ನಾನು. ಡಾ. ಜಿ. ಥಾಮಸ್ ಬೆಂಗಳೂರಿನಲ್ಲಿದ್ದುಕೊಂಡು 1953ರಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿಯನ್ನು ಕಟ್ಟಿದ್ದರಿಂದ, 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಹುಟ್ಟಿದ್ದರಿಂದ ಈ ನಾಡಿನಲ್ಲಿ ಪ್ರಿಂಟನ್ನು ಮುಂದಿಟ್ಟುಕೊಂಡು ಕೂತು ಮಾತಾಡುವ ಅಭ್ಯಾಸ ಬೆಳೆಯಿತು. ಸಂಡೂರಿನ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರು ಕಾಡುಪ್ರಾಣಿಯನ್ನು ಅದರ ನೆಲೆಯ ಬೆಳಕು-ನೆರಳಿನೊಳಗೆ ಇಟ್ಟು ಕಪ್ಪು-ಬಿಳುಪಿನಲ್ಲಿ ಕಾಣಿಸಿದ ರೀತಿ ನಿಸರ್ಗಚಿತ್ರ ತೆಗೆಯುವವರಿಗೂ ಪಾಠ. ಆ ಪರಂಪರೆಯ ಚಿತ್ರಗಳಲ್ಲಿ ಧೂಳಿಗೆ, ಮಂಜಿಗೆ, ಹಿಂಬೆಳಕಿಗೆ ಬಹಳ ಮರ್ಯಾದೆ ಇತ್ತು. ಇವತ್ತಿನ ಹುಡುಗರು ಆ ಮಂಜನ್ನೇ ‘ಏನೂ ಇರಲಿಲ್ಲ’ ಎನ್ನುವಂತಾದದ್ದು ನನಗೆ ನೋವಿನ ಸಂಗತಿ.

ವಿಮರ್ಶೆ ಮಾಡುವ ರೀತಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ‘ಸೂಪರ್’ ಎನ್ನುವುದು ವಿಮರ್ಶೆಯಲ್ಲ. ನಿಯಮಗಳ ಪಟ್ಟಿ ಹಿಡಿದು ಟಿಕ್ ಹಾಕುವುದೂ ಅಲ್ಲ. ಚಿತ್ರ ನೋಡಿದ ಕೂಡಲೇ ತೀರ್ಪಿಗೆ ಹಾರದೆ, ಅದರಲ್ಲಿ ಏನಿದೆ ಎಂದು ಬಾಯಿಬಿಟ್ಟು ಹೇಳಬೇಕು: ಅತ್ಯಂತ ಬಿಳಿ ಎಲ್ಲಿದೆ, ಅತ್ಯಂತ ಕಪ್ಪು ಎಲ್ಲಿದೆ, ನನ್ನ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎತ್ತ ಜಾರಿತು. ಹೀಗೆ ಹೇಳುತ್ತ ಹೋದರೆ ತೆಗೆದವನಿಗೇ ತನ್ನ ಚಿತ್ರ ಹೊಸದಾಗಿ ಕಾಣುತ್ತದೆ, ಅರ್ಧ ಉತ್ತರ ಅವನ ಬಾಯಿಂದಲೇ ಬರುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ ನೋಡುವುದು ಹಳೆಯ ಉಪಾಯ, ಈಗಲೂ ಫಲ ಕೊಡುತ್ತದೆ. ಗುಡಿ ಗುಡಿಯಾಗಿ ಕಾಣದೆ ಬೂದಿನ ತುಂಡಾಗಿ ಕಂಡಾಗ ತೂಕ ಯಾವ ಕಡೆ ವಾಲಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಚೌಕಟ್ಟಿನ ನಾಲ್ಕು ಅಂಚುಗಳ ಸುತ್ತ ಒಮ್ಮೆ ಕಣ್ಣು ಹಾಯಿಸಬೇಕು. ಮೂಲೆಯಲ್ಲಿ ಉಳಿದ ಒಂದು ಬಿಳಿ ಚುಕ್ಕೆ ಇಡೀ ಚಿತ್ರದ ರಕ್ತ ಹೀರಬಲ್ಲದು. ಮತ್ತು ನೆಲ ಯಾವ ಹೊತ್ತಿನಲ್ಲಿದೆಯೋ ಆಕಾಶವೂ ಅದೇ ಹೊತ್ತಿನಲ್ಲಿದೆಯೇ ಎಂದು ಕೇಳಬೇಕು. ಬೇರೆ ಹೊತ್ತು ಬೇಕೆಂದೇ ಮಾಡಿದ್ದರೆ, ಆಡಮ್ಸ್‌ನ ಕೊನೆಗಾಲದ ಪ್ರಿಂಟುಗಳ ಹಾಗೆ, ಆ ಬೇಕು ಯಾತಕ್ಕೆ ಎಂದು ಚಿತ್ರವೇ ಹೇಳುತ್ತದೆಯೇ ನೋಡಬೇಕು.

ಇದೆಲ್ಲ ಪರದೆಯ ಮೇಲೆ ಪೂರ್ತಿ ಆಗುವುದಿಲ್ಲ. ಪರದೆ ತಾನೇ ಬೆಳಗುತ್ತದೆ, ಅದರ ಬಿಳಿ ಕಣ್ಣಿಗೆ ಎಸೆದ ಬೆಳಕು. ಕಾಗದದ ಬಿಳಿ ಕೋಣೆಯ ಬೆಳಕನ್ನು ಸ್ವಲ್ಪ ಹಿಂದಿರುಗಿಸುತ್ತದೆ, ಅಷ್ಟೇ. ಮೊಬೈಲಿನಲ್ಲಿ ಹದವಾಗಿ ಕಂಡ ಆಕಾಶ ಮ್ಯಾಟ್ ಕಾಗದದ ಮೇಲೆ ಒಂದು ಮೆಟ್ಟಿಲು ಮಂಕಾಗಿ ಬರುತ್ತದೆ, ಕಪ್ಪು ಕಪ್ಪಾಗದೆ ಇದ್ದಿಲ ಬಣ್ಣಕ್ಕೆ ನಿಲ್ಲುತ್ತದೆ. ಫಿಲ್ಮಿನ ಕಾಲದಲ್ಲಿ ಕತ್ತಲ ಕೋಣೆಯಲ್ಲಿ ಪ್ರಿಂಟ್ ಹಾಕುತ್ತಿದ್ದ ಡಾರ್ಕ್‌ರೂಮಿನವರಿಗೆ ಇದರ ಅಣ್ಣನಂಥ ತಾಪತ್ರಯವೊಂದಿತ್ತು: ನೀರಿನಲ್ಲಿದ್ದಾಗ ಸರಿ ಕಂಡ ಬ್ರೋಮೈಡ್ ಪ್ರಿಂಟ್ ಒಣಗಿದ ಮೇಲೆ ತುಸು ಕಪ್ಪಾಗುತ್ತಿತ್ತು; ಅನುಭವಸ್ಥರು ಅಷ್ಟನ್ನು ಮೊದಲೇ ಕಳೆದು ಪ್ರಿಂಟ್ ಹಾಕುತ್ತಿದ್ದರು.

ಆ ಹುಡುಗ ಮಾತಂಗದ ಚಿತ್ರವನ್ನು ತನ್ನ ನಿಜವಾದ ಆಕಾಶದೊಂದಿಗೆ ಎ3 ಅಳತೆಯಲ್ಲಿ ಪ್ರಿಂಟ್ ಮಾಡಿಸಿ ತಂದ. ಕಂಬಸಾಲಿನ ನೆರಳುಗಳು ಈಗ ಮೊದಲು ಕಣ್ಣಿಗೆ ಬೀಳುತ್ತವೆ, ಆಮೇಲೆ ಪ್ರಾಕಾರ, ಆಮೇಲೆ ಗುಡ್ಡ. ಬಲಮೂಲೆಯ ಬಂಡೆಯ ಬಿಸಿಲು ಇನ್ನೂ ಕಾಲು ವಲಯ ಹೆಚ್ಚಿದೆ ಎಂದೆ, ಒಪ್ಪಿದ. ಒಪ್ಪದೆ ಉಳಿದದ್ದು ನಾನು ತಂದಿಟ್ಟ ಕುದುರೆಮುಖದ ಪ್ರಿಂಟಿನ ವಿಷಯ. ಅದರಲ್ಲಿ ಆಕಾಶ ಬರಿ ಬಿಳಿ, ಕಾಗದವೂ ಬಿಳಿ. ಚಿತ್ರ ಎಲ್ಲಿ ಮುಗಿದು ಅಂಚು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಸುತ್ತ ಒಂದು ಸಣ್ಣ ಕಪ್ಪು ಗೆರೆ ಎಳೆಯಲೇಬೇಕು ಎನ್ನುತ್ತಾನೆ ಅವನು. ಗೆರೆ ಎಳೆದರೆ ಮಂಜನ್ನು ಡಬ್ಬಿಯಲ್ಲಿ ಇಟ್ಟಂತಾಗುತ್ತದೆ, ಆಕಾಶಕ್ಕೆ ಕಣ್ಣಿಗೆ ತಿಳಿಯದಷ್ಟು ಬೂದು ಕೊಟ್ಟರೆ ಅಂಚು ತಾನೇ ನಿಲ್ಲುತ್ತದೆ ಎಂಬುದು ನನ್ನ ವಾದ. ಎರಡು ಬಗೆಯಲ್ಲೂ ಪ್ರಿಂಟ್ ಹಾಕಿಸಲು ಕೊಟ್ಟಿದ್ದೇವೆ.